ಯಾರು ಹೇಳಿದ ಪುಸ್ತಕ

ಕೋಳಿಮರಿ ಮಾರುತ್ತಿದ್ದುದರಿಂದ ಅವಳಿಗೆ ಮರಿಯಕ್ಕ ಅನ್ನುವ ಹೆಸರು ಅಂಟಿಕೊಂಡಿತ್ತು. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಬಟ್ಟೆಯ ಬೀರುವಿನಷ್ಟು ದೊಡ್ಡದೊಂದು ಕಾವುಪೆಟ್ಟಿಗೆ ಇತ್ತು. ಒಳಗೆ ತಟ್ಟೆಯ ಮೇಲೆ ತಟ್ಟೆ, ತಟ್ಟೆ ತುಂಬ ಮೊಟ್ಟೆ. ಕಾವು ಏರದಂತೆ, ಇಳಿಯದಂತೆ ನೋಡಿಕೊಳ್ಳುವ ಜವಾಬ್ದಾರಿ ಪೆಟ್ಟಿಗೆಯ ನೆತ್ತಿಗೆ ತಿರುಪು ಹಾಕಿ ಕೂರಿಸಿದ್ದ ಒಂದು ಸಣ್ಣ ಡಬ್ಬಿಯದು. ಅದರ ಮುಖದ ಮೇಲೆ ಕೆಂಪು ಅಂಕಿಗಳು ಹೊಳೆಯುತ್ತಿದ್ದವು.

ಆ ಡಬ್ಬಿಗೆ ಈಚೆಗೆ ಒಂದು ಚಾಳಿ ಹತ್ತಿತ್ತು. ಅಂಕಿ ಇದ್ದಲ್ಲೇ ನಿಂತುಬಿಡುತ್ತಿತ್ತು. ನೋಡಿದವರಿಗೆ ಎಲ್ಲ ನೆಟ್ಟಗಿದೆ ಅನ್ನಿಸಬೇಕು. ಬಾಗಿಲು ತೆಗೆದು ಮುಟ್ಟಿದರೆ ಮೊಟ್ಟೆಗಳು ತಣ್ಣಗೆ. ಒಂದು ಸಲ ಅರ್ಧಕ್ಕರ್ಧ ಮೊಟ್ಟೆ ಹಾಳಾದವು. ಮರಿಗಾಗಿ ಬುಟ್ಟಿ ಹಿಡಿದುಕೊಂಡು ಬಂದಿದ್ದವರನ್ನು ಬರಿಗೈಯಲ್ಲಿ ಕಳಿಸುವಾಗ ಅವಳಿಗೆ ತಲೆ ಎತ್ತಲಾಗಲಿಲ್ಲ.

ಫೋನು ಮಾಡಿದರೆ ರಿಪೇರಿಯವನು ಬರುತ್ತಿದ್ದ. ಬಂದವನೇ ಡಬ್ಬಿಯ ಬೆನ್ನಿಗಿದ್ದ, ಬೇರೆ ಯಾರೂ ಮುಟ್ಟಬಾರದು ಅಂತ ತಾನೇ ಹೇಳಿದ್ದ ಗುಂಡಿ ಒತ್ತುತ್ತಿದ್ದ. ಅಂಕಿಗಳು ಒಮ್ಮೆ ಕಣ್ಣು ಮುಚ್ಚಿ ತೆರೆದಂತೆ ಮಾಡಿ ಮತ್ತೆ ಓಡತೊಡಗುತ್ತಿದ್ದವು. "ರೀಸೆಟ್ ಆಯ್ತು ಅಕ್ಕಾ," ಅನ್ನುತ್ತಿದ್ದ. ಅದೊಂದೇ ಮಾತು ಕೇಳಿ ಕೇಳಿ ಮನೆಯವರೆಲ್ಲ ಅವನನ್ನು ಬೆನ್ನ ಹಿಂದೆ ರೀಸೆಟ್ಟಣ್ಣ ಅಂತಲೇ ಕರೆಯುತ್ತಿದ್ದರು.

ಮರಿಯಕ್ಕನಿಗೆ ಅವನ ಮೇಲೆ ಗುಮಾನಿ. ಒಂದು ಗುಂಡಿ ಒತ್ತುವುದಕ್ಕೆ ಅವಳನ್ನು ಹೊರಗೆ ಯಾಕೆ ಕಳಿಸಬೇಕು? "ಅಕ್ಕಾ, ಒಂದು ಒಣಬಟ್ಟೆ ತರ್ತೀರಾ," ಅನ್ನುತ್ತಿದ್ದ. ಅವಳು ಬಟ್ಟೆ ತರುವಷ್ಟರಲ್ಲಿ ಡಬ್ಬಿಯ ಮುಚ್ಚಳ ತೆಗೆದು ಹಾಕಿಯೂ ಆಗಿರುತ್ತಿತ್ತು. ಹೋಗುವಾಗ ಅಂಗಳದಲ್ಲಿ ಅವಳ ಗಂಡನ ಜೊತೆ ಗುಸುಗುಸು. ಅವಳು ಹತ್ತಿರ ಬಂದರೆ ಇಬ್ಬರೂ ಬಿಸಿಲಿನ ವಿಷಯ ಮಾತಾಡುತ್ತಿದ್ದರು.

"ಅವನೇ ಏನೋ ಕೈಚಳಕ ಮಾಡಿ ಹೋಗ್ತಾನೆ ಅನ್ಸುತ್ತೆ. ಕೆಟ್ಟರೆ ತಾನೇ ಅವನಿಗೆ ಕೆಲಸ," ಅಂದಳು ಗಂಡನಿಗೆ.

"ಸುಮ್ಮನೆ ಯಾರ ಮೇಲೂ ಹಾಗೆಲ್ಲ ಹೇಳಬಾರದು," ಅಂದ ಗಂಡ. ಮರದ ಸಾಮಾನು ಮಾಡುವ ಕಸುಬಿನವನು. ಮನೆಯಲ್ಲಿ ಬಾಗಿಲಿನಿಂದ ಬಲ್ಬಿನವರೆಗೆ ಎಲ್ಲ ತನ್ನ ಕೈಯಾರೆ ಮಾಡಿದ್ದು ಅಂತ ಬಂದವರಿಗೆಲ್ಲ ತೋರಿಸುವ ಅಭ್ಯಾಸ ಅವನದು.

ಡಬ್ಬಿಯೊಳಗೆ ಏನಿದೆ ಅಂತ ಅವಳು ಒಂದು ದಿನ ರಿಪೇರಿಯವನನ್ನೇ ಕೇಳಿದಳು. "ಮೈಕ್ರೋಕಂಟ್ರೋಲರ್," ಅಂದ ರೀಸೆಟ್ಟಣ್ಣ. "ಉಗುರಿನಷ್ಟಗಲ ಚಿಪ್ಪು. ನಾವು ಬರೆದಿಟ್ಟ ಪ್ರೋಗ್ರಾಮ್ ಹೇಳಿದ ಹಾಗೆ ಅದು ಹೀಟರ್ ಹಾಕುತ್ತೆ, ಆರಿಸುತ್ತೆ."

"ಆ ಪ್ರೋಗ್ರಾಮ್ ನಾನೂ ಕಲೀಬಹುದಾ?"

ಅವನು ನಗಲಿಲ್ಲ. ಅದೇ ಅವಳಿಗೆ ವಿಚಿತ್ರ ಅನ್ನಿಸಿತು. "ಕಲೀಬಹುದು. ಒಳ್ಳೇ ಪುಸ್ತಕ ಬೇಕು," ಅಂದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವಳ ಗಂಡನ ಮುಖ ಒಮ್ಮೆ ನೋಡಿ, "ಬೂದು ರಟ್ಟಿನದೊಂದು ಬರುತ್ತೆ. ಮೇಲೆ ಚಿತ್ರ ಗಿತ್ರ ಏನೂ ಇರಲ್ಲ. ಅದನ್ನ ತಗೊಳ್ಳಿ," ಅಂದ.

ಅವನು ಹೋದ ಮೇಲೆ ಗಂಡ, "ಅದು ಇಂಜಿನಿಯರುಗಳಿಗೆ. ನಿನಗೆ ಬಣ್ಣಬಣ್ಣದ ಚಿತ್ರ ಇರೋ ತೆಳ್ಳಗಿನದು ಸಾಕು," ಅಂದ.

ರೀಸೆಟ್ಟಣ್ಣ ಹೇಳಿದ್ದು ಬೇಡ ಅಂತ ಮರಿಯಕ್ಕ ಆಗಲೇ ತೀರ್ಮಾನ ಮಾಡಿಯಾಗಿತ್ತು. ಕಳ್ಳತನದ ಗುಮಾನಿ ಯಾರ ಮೇಲಿದೆಯೋ ಅವನಿಂದಲೇ ಬೀಗ ಕೊಳ್ಳುವ ಹೆಂಗಸಲ್ಲ ಅವಳು.

ಪುಸ್ತಕದಂಗಡಿ ರೈಲು ನಿಲ್ದಾಣದ ಎದುರಿನ ಓಣಿಯಲ್ಲಿತ್ತು. ತಾಂತ್ರಿಕ ಪುಸ್ತಕಗಳ ಕಪಾಟು ಒಳಗೆ, ಮಹಡಿಯ ಮೆಟ್ಟಿಲ ಕೆಳಗೆ. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಒಂದು ದಪ್ಪ ಪುಸ್ತಕವನ್ನು ಸೀರೆಯ ಸೆರಗಿನಿಂದ ಒರೆಸಿ ಕೈಗಿಟ್ಟಳು.

"ಇದನ್ನ ತಗೊಳ್ಳಿ. ಕಾಲೇಜಿನವರೆಲ್ಲ ಇದನ್ನೇ ತಗೊಳ್ಳೋದು."

"ಎಲ್ಲರೂ ಇದನ್ನೇ ತಗೊಂಡ್ರೆ ಇದರ ಮೇಲೆ ಧೂಳು ಯಾಕೆ ಕೂತಿದೆ?"

ಅಂಗಡಿಯಾಕೆ ಪಕ್ಕದ ಗಿರಾಕಿಯ ಕಡೆ ತಿರುಗಿದಳು. ಮರಿಯಕ್ಕ ಒಂದು ಮಣೆ ಎಳೆದುಕೊಂಡು ಕೂತಳು. ದಪ್ಪ ಪುಸ್ತಕ ಅರ್ಧದವರೆಗೆ ಚಿಪ್ಪಿನ ಹುಟ್ಟು, ಬೆಳವಣಿಗೆ, ವಂಶಾವಳಿ ಹೇಳುತ್ತಿತ್ತು. ಅದರಲ್ಲಿದ್ದ ಚಿಪ್ಪು ಈಗ ಸಿಗುತ್ತದೋ ಇಲ್ಲವೋ ಅಂತ ಕೇಳಿದರೆ, "ಸಿಗಬಹುದು," ಅಂದಳು ಅಂಗಡಿಯಾಕೆ. ಆ 'ಬಹುದು' ಕೇಳಿದ್ದೇ ಅದನ್ನು ಕಪಾಟಿಗೆ ಸೇರಿಸಿದಳು.

ಗೊತ್ತಿಲ್ಲದ ವಿದ್ಯೆಯ ಪುಸ್ತಕದಲ್ಲಿ ಯಾವುದು ಒಳ್ಳೆಯದು ಅಂತ ಪರೀಕ್ಷೆ ಮಾಡುವುದು ಹೇಗೆ? ಅವಳು ಯೋಚಿಸಿದಳು. ಚಿಪ್ಪಿನ ವಿಷಯ ತನಗೆ ಗೊತ್ತಿಲ್ಲ, ಆದರೆ ಕಾವಿನ ವಿಷಯ ಗೊತ್ತು. ಪ್ರತಿ ಪುಸ್ತಕದಲ್ಲೂ ಕಾವು ಅಳೆಯುವ ಪಾಠ ಹುಡುಕಿದರಾಯಿತು. ಅಲ್ಲಿ ಸುಳ್ಳು ಹೇಳಿದವನು ಉಳಿದ ಕಡೆಯೂ ಸುಳ್ಳು ಹೇಳುತ್ತಾನೆ.

ತೆಳ್ಳಗಿನ ಬಣ್ಣದ ಪುಸ್ತಕದಲ್ಲಿ ನಗುವ ಥರ್ಮಾಮೀಟರಿನ ಚಿತ್ರ. ಕಾವು ಒಂದು ಅಂಕಿಗಿಂತ ಇಳಿದರೆ ಹೀಟರ್ ಹಾಕು, ಅದೇ ಅಂಕಿಗಿಂತ ಏರಿದರೆ ಆರಿಸು. ಪಾಠ ಅಷ್ಟೇ. ಹಾಗೆ ಮಾಡಿದರೆ ಹೀಟರ್ ದಿನವಿಡೀ ಟಕ್ ಟಕ್ ಅಂತ ಹೊತ್ತಿ ಆರಿ ಸುಟ್ಟೇಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ನಡುವೆ ಸ್ವಲ್ಪ ಜಾಗ ಬಿಡಬೇಕು. ಬರೆದವನು ಒಂದು ಮೊಟ್ಟೆಗೂ ಕಾವು ಕೊಟ್ಟವನಲ್ಲ.

ಕೊನೆಗೆ ಬೂದು ರಟ್ಟಿನದನ್ನೂ ತೆಗೆದಳು. ಕೊಳ್ಳುವುದಕ್ಕಲ್ಲ, ಅವನು ಅದನ್ನೇ ಯಾಕೆ ಹೇಳಿದ ಅಂತ ಪತ್ತೆ ಮಾಡುವುದಕ್ಕೆ. ಕಾವಿನ ಪಾಠದ ಮೊದಲ ಸಾಲೇ ಹೀಗಿತ್ತು: ಸೆನ್ಸರ್ ಹೇಳಿದ್ದನ್ನು ಕೂಡಲೇ ನಂಬಬೇಡಿ. ತಂತಿ ಕಿತ್ತುಹೋದರೆ ಅದು ಕೊರೆಯುವ ಚಳಿಯ ಅಂಕಿ ತೋರಿಸಬಹುದು, ನಂಬಿದ ಪ್ರೋಗ್ರಾಮ್ ಹೀಟರ್ ಹಾಕುತ್ತಲೇ ಹೋಗಿ ಒಳಗಿದ್ದದ್ದನ್ನು ಬೇಯಿಸಿಬಿಡುತ್ತದೆ. ಮುಂದಿನ ಪುಟದಲ್ಲಿ, ಹಾಕುವ ಅಂಕಿಗೂ ಆರಿಸುವ ಅಂಕಿಗೂ ನಡುವೆ ಎಷ್ಟು ಜಾಗ ಬಿಡಬೇಕು, ಯಾಕೆ ಬಿಡಬೇಕು ಅಂತ ಬಿಡಿಸಿ ಬಿಡಿಸಿ ಹೇಳಿತ್ತು.

ಮರಿಯಕ್ಕ ಆ ಪುಟವನ್ನು ಎರಡು ಸಲ ಓದಿದಳು. ಬರೆದವನು ಯಾರೋ ಏನೋ, ತನ್ನ ಜಾಯಮಾನದವನೇ ಅನ್ನಿಸಿತು. ಹಾಗನ್ನಿಸಿದ್ದೇ ತಡ, ಇನ್ನೊಂದು ಹುಳ ತಲೆಯೊಳಗೆ ಹೊಕ್ಕಿತು. ಮೋಸ ಮಾಡುವವನು ಒಳ್ಳೇ ಪುಸ್ತಕವನ್ನೇ ಯಾಕೆ ಸೂಚಿಸಿದ? ಇದರಲ್ಲಿ ಬೇಕಾದ ಪುಟಗಳೇ ಇಲ್ಲವೇನೋ ಅಂತ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಎಲ್ಲ ಇದ್ದವು. ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು. ಗಟ್ಟಿಯಾಗಿತ್ತು.

"ಏನಮ್ಮಾ, ಪುಸ್ತಕ ನೋಡ್ತಿದ್ದೀರೋ ಹೆಣ್ಣು ನೋಡ್ತಿದ್ದೀರೋ," ಅಂದಳು ಅಂಗಡಿಯಾಕೆ.

ಮರಿಯಕ್ಕ ಬೂದು ಪುಸ್ತಕವನ್ನೇ ಕೊಂಡಳು. ಕೊಂಡರೂ ಮನಸ್ಸು ತಿಳಿಯಾಗಲಿಲ್ಲ.

ಮಾರನೆಯ ದಿನ ಗಂಡ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಕೆಳಗಿಟ್ಟ. "ಪೂರ್ತಿ ಓದೋದೇನೂ ಬೇಕಾಗಿಲ್ಲ. ಮೊದಲಿನ ಪಾಠಗಳು ಸಾಕು. ಕೊನೆಕೊನೆಗೆ ಎಲ್ಲ ತಲೆನೋವಿನ ವಿಷಯ," ಅಂದ.

ಮಗಳ ಶಾಲೆಪುಸ್ತಕವನ್ನೇ ಎಂದೂ ತೆರೆದು ನೋಡದ ಮನುಷ್ಯ ಇದರ ಕೊನೆಯಲ್ಲಿ ಏನಿದೆ ಅಂತ ಯಾವಾಗ ನೋಡಿದ? ಅವಳು ಕೇಳಲಿಲ್ಲ. ಮನಸ್ಸಿನಲ್ಲಿಟ್ಟುಕೊಂಡಳು.

ಪುಸ್ತಕದ ಜೊತೆ ಚಿಪ್ಪು ಕೂರಿಸಿದ ಅಭ್ಯಾಸದ ಬೋರ್ಡು, ಸೆನ್ಸರು, ಸಣ್ಣದೊಂದು ಪರದೆ ಎಲ್ಲ ಬಂದವು. ಅಡುಗೆಮನೆಯ ಮೇಜಿನ ಮೇಲೆ, ಮಗಳ ಹಳೆಯ ಲ್ಯಾಪ್‌ಟಾಪು ಇಟ್ಟುಕೊಂಡು ಅವಳು ಬೆರಳಿಟ್ಟು ಓದುತ್ತ ಕೂತಳು. ಮೊದಲ ದಿನ ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿ ಸಂಜೆಯವರೆಗೆ ಏನೂ ಆಗಲಿಲ್ಲ. ಅದನ್ನು ಸೇರಿಸಿದ ಮೇಲೆ ಬೋರ್ಡಿನ ಮೇಲಿನ ಸಾಸಿವೆಯಷ್ಟು ದೀಪ ಮಿನುಗಿತು. ಅವಳು ಅತ್ತೆಯನ್ನು ಕರೆದು ತೋರಿಸಿದಳು.

ಅತ್ತೆ ಬಗ್ಗಿ ನೋಡಿದರು. "ದೀಪ ಹಾಕೋದಕ್ಕೆ ಇಷ್ಟು ಓದಬೇಕಾ? ಗೋಡೆ ಮೇಲೆ ಸ್ವಿಚ್ ಇದೆಯಲ್ಲ," ಅಂದರು.

ಆದರೂ ಅವಳು ಬಿಡಲಿಲ್ಲ. ಗಂಡ ಬೇಡ ಅಂದಿದ್ದ ಕೊನೆಯ ಪಾಠಗಳ ಹತ್ತಿರ ಬಂದಾಗ ನಿಧಾನ ಮಾಡಿದಳು. ಅದರಲ್ಲೊಂದು ಪಾಠ ವಿದ್ಯುತ್ತಿನದು. ವೋಲ್ಟೇಜು ಪೂರ್ತಿ ಹೋದರೆ ಚಿಪ್ಪು ನಿಂತು, ಮರಳಿ ಬಂದಾಗ ಹೊಸದಾಗಿ ಶುರು ಮಾಡುತ್ತದೆ, ತೊಂದರೆಯಿಲ್ಲ. ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕುಸಿದು ಮೇಲೆದ್ದರೆ, ಅದಕ್ಕೆ ತಕ್ಕ ಏರ್ಪಾಡು ಮಾಡಿರದ ಚಿಪ್ಪು ಇತ್ತ ಬದುಕಿಯೂ ಇಲ್ಲ, ಅತ್ತ ಸತ್ತೂ ಇಲ್ಲ ಅನ್ನುವಂತೆ ಸಿಕ್ಕಿಕೊಳ್ಳುತ್ತದೆ. ಪರದೆಯ ಮೇಲೆ ಹಳೆಯ ಅಂಕಿಯೇ ಉಳಿದಿರುತ್ತದೆ.

ಓದುತ್ತಿದ್ದ ಅವಳ ಬೆರಳು ಅಲ್ಲೇ ನಿಂತಿತು. ಇದು ಪಾಠವಲ್ಲ, ತನ್ನ ಹಿಂದಿನ ಕೋಣೆಯ ವರ್ತಮಾನ.

ಚಿಪ್ಪು ತಾನು ಯಾಕೆ ಮತ್ತೆ ಶುರುವಾದೆ ಅಂತ ತಾನೇ ಹೇಳುವಂತೆ ಮಾಡುವ ಪ್ರೋಗ್ರಾಮ್ ಆ ಪಾಠದ ಕೊನೆಯಲ್ಲಿತ್ತು. ಯಾರಾದರೂ ಗುಂಡಿ ಒತ್ತಿದರೋ, ಕರೆಂಟು ಹೋಗಿ ಬಂತೋ, ವೋಲ್ಟೇಜು ಕುಸಿಯಿತೋ. ಅವಳು ಅದನ್ನು ತನ್ನ ಬೋರ್ಡಿಗೆ ತುಂಬಿದಳು. ಹಳೆಯ ರೇಡಿಯೊದ ಅಡಾಪ್ಟರು ಹುಡುಕಿ, ಕಾವುಪೆಟ್ಟಿಗೆಯ ಪಕ್ಕದ ಸಾಕೆಟ್ಟಿಗೇ ಸಿಕ್ಕಿಸಿ, ಬೋರ್ಡನ್ನು ಮೊಟ್ಟೆಯ ಖಾಲಿ ತಟ್ಟೆಗಳ ಹಿಂದೆ ಅಡಗಿಸಿಟ್ಟಳು. ರೀಸೆಟ್ಟಣ್ಣ ಬಂದು ಕರೆಂಟಿಗೆ ಏನು ಮಾಡಿದರೂ ಸಿಕ್ಕಿಬೀಳಲಿ ಅನ್ನುವುದೇ ಆಗಲೂ ಅವಳ ಲೆಕ್ಕ.

ಸಿಕ್ಕಿಬಿದ್ದದ್ದು ಬೇರೆ. ಮಾರನೆಯ ಬೆಳಿಗ್ಗೆ ಅವಳು ಕೋಣೆ ಗುಡಿಸುತ್ತಿದ್ದಾಗ ಗಂಡ ಹೊರಗೆ ನೀರಿನ ಪಂಪು ಹಾಕಿದ. ಬಲ್ಬು ಒಂದು ಕ್ಷಣ ಕಂದಿತು. ತಟ್ಟೆಗಳ ಹಿಂದಿನ ಪರದೆ ಮಿನುಗಿ, ವೋಲ್ಟೇಜ್ ಕುಸಿತ ಅಂತ ತೋರಿಸಿತು. ಪೆಟ್ಟಿಗೆಯ ಮೇಲಿನ ಕೆಂಪು ಅಂಕಿ ನಿಂತೇಬಿಟ್ಟಿತ್ತು. ಆ ಹೊತ್ತಿಗೆ ರೀಸೆಟ್ಟಣ್ಣ ಊರಿನ ಯಾವ ಮೂಲೆಯಲ್ಲಿದ್ದನೋ.

ಅವಳು ಪೊರಕೆ ಕೆಳಗಿಟ್ಟು ಫೋನು ಮಾಡಿದಳು. ಅವನು ಬಂದು ಒಣಬಟ್ಟೆ ಕೇಳಿದಾಗ ಜಾಗ ಬಿಟ್ಟು ಕದಲಲಿಲ್ಲ.

"ಬಟ್ಟೆ ಆಮೇಲೆ ತರ್ತೀನಿ ಅಣ್ಣಾ. ಪಂಪು ಹಾಕಿದಾಗ ವೋಲ್ಟೇಜು ಕುಸಿದರೆ ಇದು ಸಿಕ್ಕಿಹಾಕಿಕೊಳ್ಳುತ್ತೆ. ನಿಮಗೆ ಗೊತ್ತಿತ್ತಾ?"

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. "ಆ ಪಾಠದವರೆಗೆ ಓದಿದ್ರಾ?"

"ಕೇಳಿದ್ದಕ್ಕೆ ಹೇಳಿ."

"ಗೊತ್ತಿತ್ತು. ಈ ಕೋಣೆಗೂ ಪಂಪಿಗೂ ಒಂದೇ ಲೈನು, ಅದೂ ತೆಳ್ಳಗಿನ ವೈರು. ಮೊದಲನೇ ಸಲ ಬಂದಾಗಲೇ ನಿಮ್ಮ ಯಜಮಾನರಿಗೆ ಹೇಳಿದೆ. ವೈರಿಂಗ್ ಅವರೇ ಮಾಡಿದ್ದಂತೆ. ಅವಳಿಗೆ ಹೇಳಬೇಡಿ, ನಾನೇ ಸದ್ದಿಲ್ಲದೆ ಸರಿ ಮಾಡ್ತೀನಿ ಅಂದ್ರು. ಅದಕ್ಕೇ ನಿಮ್ಮ ಎದುರಿಗೆ ಡಬ್ಬಿ ಬಿಚ್ಚುತ್ತಿರಲಿಲ್ಲ. ಒಳಗೆ ಏನೂ ಕೆಟ್ಟಿಲ್ಲ ಅಂತ ನಿಮಗೆ ಗೊತ್ತಾಗುತ್ತಿತ್ತು."

"ಅವರು ಸರಿ ಮಾಡಲಿಲ್ಲ. ನೀವು ಬರ್ತಾನೇ ಇದ್ರಿ. ಬಂದಾಗೆಲ್ಲ ದುಡ್ಡೂ ತಗೊಂಡ್ರಿ."

"ತಗೊಂಡೆ," ಅಂದ. ಮುಖ ಕೆಳಗಾಗಿತ್ತು. "ಬಾಯಿ ಬಿಟ್ಟು ಹೇಳೋ ಹಾಗಿರಲಿಲ್ಲ. ನೀವು ಪುಸ್ತಕ ಕೇಳಿದಾಗ, ಇದು ಬರೆದಿರೋದು ಅದೊಂದರಲ್ಲೇ ಅಂತ ನೆನಪಾಯ್ತು."

"ಮೊಟ್ಟೆ ಸಾಯ್ತಿದ್ವಲ್ಲ ಅಣ್ಣಾ. ನಾನು ಅಷ್ಟೂ ಓದಿ ಮುಗಿಸೋವರೆಗೆ ಅವು ಕಾಯಬೇಕಿತ್ತಾ?"

ಆ ದಿನ ಗುಂಡಿಯನ್ನು ಅವಳೇ ಒತ್ತಿದಳು. ಅವನು ದುಡ್ಡು ಬೇಡ ಅಂದ; ಅವಳು ಕೊಡುವ ಆಲೋಚನೆಯನ್ನೂ ಮಾಡಿರಲಿಲ್ಲ.

ಇಷ್ಟು ದಿನ ಹೊರಗಿನವನ ಕೈಗಳ ಮೇಲೆ ಕಣ್ಣಿಟ್ಟಿದ್ದಳು. ಅಂಗಳದ ಗುಸುಗುಸು ಕಂಡಾಗಲೂ ಗಂಡ ಚೌಕಾಸಿ ಮಾಡುತ್ತಿದ್ದಾನೆ ಅಂದುಕೊಂಡಿದ್ದಳು. ಕೋಪಕ್ಕಿಂತ ಹೆಚ್ಚಾಗಿ, ತಾನು ದಡ್ಡಿಯಾದೆ ಅನ್ನುವುದು ಅವಳನ್ನು ಚುಚ್ಚಿತು.

ಗಂಡ ಊಟಕ್ಕೆ ಬಂದಾಗ ಪುಸ್ತಕವನ್ನು ಆ ಪಾಠಕ್ಕೆ ತೆರೆದು ತಟ್ಟೆಯ ಪಕ್ಕ ಇಟ್ಟಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ತುತ್ತನ್ನು ಮತ್ತೆ ತಟ್ಟೆಗೆ ಹಾಕಿದ.

"ಸರಿ ಮಾಡಬೇಕು ಅಂತಾನೇ ಇದ್ದೆ," ಅಂದ.

"ಆ ಸಲ ಬುಟ್ಟಿ ಹಿಡ್ಕೊಂಡು ಬಂದವರ ಮುಂದೆ ನಾನು ನಿಂತಿದ್ದೆ. ನೀವು ಎಲ್ಲಿದ್ರಿ?"

"ಒಳಗೇ ಇದ್ದೆ," ಅಂದ. "ಇಡೀ ಮನೆ ನಾನೇ ಮಾಡಿದ್ದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೀನಿ. ಬೇರೆಯವರನ್ನ ಕರೆಸಿ ವೈರು ಬಿಚ್ಚಿಸೋಕೆ ಮನಸ್ಸು ಬರಲಿಲ್ಲ."

"ಪುಸ್ತಕದ ಕೊನೆಯ ಪಾಠ ಯಾವಾಗ ಓದಿದ್ರಿ?"

"ನೀನು ಸ್ನಾನಕ್ಕೆ ಹೋಗಿದ್ದಾಗ," ಅಂದ. ಒಳಗಿನಿಂದ ಅತ್ತೆ, "ಓದಿದ್ದಾದ್ರೂ ಓದಿದ್ನಲ್ಲ," ಅಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ನಗಲಿಲ್ಲ.

ಆ ವಾರವೇ ಎಲೆಕ್ಟ್ರಿಷಿಯನ್ ಬಂದ. ಕಾವುಕೋಣೆಗೆ ಬೇರೆ ಲೈನು, ಪಂಪಿಗೆ ಬೇರೆ. ಹಳೆಯ ವೈರು ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿದ್ದಾಗ ಗಂಡ ಏಣಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ. ಪಂಪು ಹಾಕಿ ಆರಿಸಿ ನೋಡಿದರು. ಬಲ್ಬು ಕಂದಲಿಲ್ಲ, ಅಂಕಿ ನಿಲ್ಲಲಿಲ್ಲ.

ಆ ಸಲದ ಮೊಟ್ಟೆಗಳಲ್ಲಿ ಹಾಳಾದವು ಬೆರಳೆಣಿಕೆಯಷ್ಟು. ಬುಟ್ಟಿಯವರು ಮರಿ ತುಂಬಿಕೊಂಡು ಹೋಗುವಾಗ ಗಂಡ ಅವಳ ಪಕ್ಕದಲ್ಲೇ ನಿಂತು ಎತ್ತಿಕೊಟ್ಟ. ಎಲ್ಲರೂ ಹೋದ ಮೇಲೆ ಖಾಲಿ ತಟ್ಟೆಗಳನ್ನು ತೊಳೆಯಲು ಕೂತರು.

"ಇನ್ನೇನಾದರೂ ಇದೆಯಾ, ನನಗೆ ಹೇಳದೇ ಇರೋದು?" ಅಂತ ಕೇಳಿದಳು.

ಅವನು ತಟ್ಟೆ ಉಜ್ಜುತ್ತ ಯೋಚಿಸಿದ. "ಮಾಡಿನ ಮೇಲಿನ ನೀರಿನ ತೊಟ್ಟಿ ಒಂದು ಕಡೆ ಸಣ್ಣಗೆ ಸೋರುತ್ತೆ," ಅಂದ.

ಮರಿಯಕ್ಕ ಕೈ ಒರೆಸಿಕೊಂಡು ಎದ್ದಳು. "ಬನ್ನಿ, ತೋರಿಸಿ," ಅಂದು ಏಣಿಯ ಕಡೆ ನಡೆದಳು.