ಮಂಗಮ್ಮನ ಮನೆ ತಿರುವು

ಪಂಕಜಾಗೆ ಓಟವೆಂದರೆ ಆಗಿಬರುವುದಿಲ್ಲ. ಎದುರಿಗೆ ಬಸ್ಸು ಹೊರಟರೂ ಹೋಗಲಿ ಬಿಡು, ಹಿಂದೆ ಇನ್ನೊಂದಿದೆ ಎನ್ನುವ ಜಾಯಮಾನ. ಅಂಥವಳು ವಸಂತಪುರದ ತಮ್ಮ ಅಪಾರ್ಟ್‌ಮೆಂಟಿನವರನ್ನೂ ಪಕ್ಕದ ಹಳೇ ಊರಿನವರನ್ನೂ ಸೇರಿಸಿ ಒಂದು ಭಾನುವಾರ ಬೆಳಿಗ್ಗೆ ಮೂರು ಕಿಲೋಮೀಟರ್ ಓಟ ಇಡುತ್ತೇನೆ ಎಂದಾಗ ಗಂಡ ಶ್ರೀಕರ್ ನಕ್ಕಿದ್ದ. ಕಾರಣ ಗೊತ್ತಾದ ಮೇಲೆ ನೀರು ಹಂಚುವ ಕೆಲಸ ತಾನೇ ವಹಿಸಿಕೊಂಡ.

ಕಾರಣ ಮಗಳು ಇಂಚರ. ಹನ್ನೆರಡರ ಹುಡುಗಿ. ಎರಡು ವರ್ಷದ ಹಿಂದೆ ಶಾಲೆಯ ಮೈದಾನದಲ್ಲಿ ಫಿಟ್ಸ್ ಬಂದು ಬಿದ್ದಿದ್ದಳು. ಮಾತ್ರೆ ಹಿಡಿಸಿತು, ಮತ್ತೆ ಬರಲಿಲ್ಲ. ಇನ್ನು ಓಡಲಿ ಬಿಡಿ ಎಂದು ಡಾಕ್ಟರೇ ಹೇಳಿದರು. ಆದರೆ ಶಾಲೆಯವರು ಬಿಡಬೇಕಲ್ಲ. ಕ್ರೀಡಾದಿನ ಬಂತೆಂದರೆ ಅವಳಿಗೆ ನೀರಿನ ಬಾಟಲಿ ಕಾಯುವ ಕೆಲಸ ಕೊಟ್ಟು ನೆರಳಲ್ಲಿ ಕೂರಿಸುತ್ತಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹಾಗಂತ ಶಾಲೆಯೊಂದನ್ನೇ ಬೈದು ಏನು ಪ್ರಯೋಜನ? ಪಂಕಜಾಳೇ ಮಗಳಿಗೆ ಬಚ್ಚಲಿನ ಚಿಲಕ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಕೆಳಗಿನ ಅಂಗಡಿಗೆ ಹೋದರೂ ಆರನೇ ಮಹಡಿಯ ಬಾಲ್ಕನಿಯಿಂದ ಅರ್ಧ ಮೈ ಹೊರಚಾಚಿ ಕಾಯುತ್ತಿದ್ದಳು.

ಓಟಕ್ಕೆ ಇಂಚರ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ನೀನು ಸ್ಕೂಟರ್ ತಗೊಂಡು ನನ್ನ ಹಿಂದೆ ಬರಬಾರ್ದು. ಬಂದ್ರೆ ಇನ್ಮೇಲೆ ನಾನು ಯಾವತ್ತೂ ಓಡಲ್ಲ. ಫಿನಿಶ್ ಲೈನ್ ಹತ್ರಾನೇ ಇರು."

ಪಂಕಜಾ ಮಾತು ಕೊಟ್ಟಳು.

ರಸ್ತೆಗೆ ಬಣ್ಣ ಬಳಿಯಕೂಡದೆಂದು ಬೋರಣ್ಣ ಮೊದಲೇ ಹೇಳಿದ್ದರು. ಒಂದು ಕಾಲಕ್ಕೆ ಆ ಲೇಔಟೆಲ್ಲ ಅವರ ರಾಗಿ ಹೊಲ, ಈಗ ಅವರ ಬಾಡಿಗೆ ಮನೆಗಳು. ಅವರ ಮಾತು ಮೀರಿ ಹಳೇ ಊರಿನ ಓಣಿಯಲ್ಲಿ ನಾಯಿಯೂ ಬೊಗಳುವುದಿಲ್ಲ. ಹಾಗಾಗಿ ಶನಿವಾರ ಸಂಜೆ ತಾಯಿ ಮಗಳಿಬ್ಬರೂ ರಂಗೋಲಿ ಪುಡಿಯ ಡಬ್ಬಿ ಹಿಡಿದು ಹೋಗಿ, ತಿರುವು ತಿರುವಿಗೂ ಬಿಳಿಯ ಬಾಣ ಹಾಕಿ ಬಂದರು. ಬೋರಣ್ಣನ ಮನೆ ಮುಂದಿನ ಬಾಣವನ್ನು ಎಲ್ಲಕ್ಕಿಂತ ದೊಡ್ಡದಾಗಿ ಹಾಕಿದವಳು ಇಂಚರ. ಅಲ್ಲಿ ಎಡಕ್ಕೆ ತಿರುಗಿದರೆ ಅಪಾರ್ಟ್‌ಮೆಂಟಿನ ಗೇಟು. ನೇರ ಹೋದರೆ ಕನಕಪುರ ರಸ್ತೆ, ಅಲ್ಲಿ ನೀರಿನ ಟ್ಯಾಂಕರುಗಳು ಯಾರಪ್ಪನ ಭಯವೂ ಇಲ್ಲದೆ ಓಡಾಡುತ್ತವೆ. ತಿರುವಿಗೆ ಯಾರನ್ನಾದರೂ ನಿಲ್ಲಿಸೋಣವೇ ಎಂದು ಪಂಕಜಾ ಕೇಳಿದಾಗ, ಇಷ್ಟು ದೊಡ್ಡ ಬಾಣ ಇರುವಾಗ ಮನುಷ್ಯ ಯಾಕೆ ಎಂದಿದ್ದ ಶ್ರೀಕರ್. ಅವಳಿಗೂ ಅದು ಸರಿಯೆನಿಸಿತ್ತು.

ಬೆಳಿಗ್ಗೆ ನಿರೀಕ್ಷೆಗಿಂತ ಹೆಚ್ಚು ಜನ ಬಂದರು. ಸೀರೆ ಎತ್ತಿ ಕಟ್ಟಿ, ಕೆಳಗೆ ಮಗನ ಶೂ ಹಾಕಿಕೊಂಡವರೂ ಇದ್ದರು. ವಿಸಿಲ್ ಊದಿದ್ದೇ ಇಂಚರ ಗುಂಪಿನ ನಡುವೆ ಸೇರಿಹೋದಳು. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಪಂಕಜಾ ಫಿನಿಶ್ ಲೈನಿಗೆಂದು ಎಳೆದ ಸುಣ್ಣದ ಗೆರೆಯ ಪಕ್ಕ ನಿಂತು, ನೋಡಲು ಬಂದವರೊಡನೆಲ್ಲ ನಗುತ್ತ, ಯಾರ ಮಾತೂ ಕಿವಿಗೆ ಹೋಗದೆ ಕಾದಳು.

ಮೊದಲು ಬಂದವರು ಓಡಿ ಬರಲಿಲ್ಲ, ಆಟೋದಲ್ಲಿ ಬಂದರು. ಎರಡನೇ ಮಹಡಿಯ ತಿರುಮಲೇಶ ಅಂಕಲ್ ಆಟೋದಿಂದಿಳಿದು ಬೆವರೊರೆಸಿಕೊಂಡರು. ಬಾಣ ಕಾಣದೆ ನೇರ ಓಡಿ ಕನಕಪುರ ರಸ್ತೆಗೆ ಬಿದ್ದೆವು, ಮುಂದಿದ್ದವರೆಲ್ಲ ಅಲ್ಲೇ ಚೆಲ್ಲಾಪಿಲ್ಲಿಯಾದರು ಎಂದರು.

"ಬೋರಣ್ಣನ ಮನೆ ಹತ್ರ ಬಾಣ ಎಲ್ಲೂ ಇಲ್ಲಮ್ಮ. ಬರೀ ರಂಗೋಲಿ ಇದೆ."

ಬೆಳಿಗ್ಗೆ ಎದ್ದು ಬಾಗಿಲು ಗುಡಿಸಿದವರು ಬಾಣವನ್ನೂ ಗುಡಿಸಿಹಾಕಿದ್ದಾರೆಂದು ಪಂಕಜಾಗೆ ಆಗ ಹೊಳೆಯಿತು. ಇವಳೇನು ಆಕಾಶದಿಂದ ಇಳಿದವಳಲ್ಲ. ಜಯನಗರದಲ್ಲಿ ಹುಟ್ಟಿ ಬೆಳೆದವಳು, ಬೆಳಗಾದರೆ ಅಮ್ಮ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ಸದ್ದಿಗೇ ಏಳುತ್ತಿದ್ದವಳು. ಆರನೇ ಮಹಡಿಗೆ ಹತ್ತಿದ ಮೇಲೆ ಬಾಗಿಲಿಗೊಂದು ಸ್ಟಿಕ್ಕರ್ ರಂಗೋಲಿ ಅಂಟಿಸಿದ್ದಷ್ಟೇ, ಮಿಕ್ಕಿದ್ದೆಲ್ಲ ಮರೆತೇಹೋಗಿತ್ತು. ಹೊಸಿಲ ಮುಂದೆ ಸಂಜೆ ಹಾಕಿದ ಬಾಣ ಬೆಳಿಗ್ಗೆಯೂ ಇರುತ್ತದೆಂದು ನಂಬಿದ ಹೆಂಗಸಿಗೆ ಏನನ್ನಬೇಕು?

ಕೆರೆ ಏರಿಯ ಮೇಲೆ ನೀರು ಹಂಚುತ್ತಿದ್ದ ಶ್ರೀಕರನಿಗೆ ಫೋನು ಮಾಡಿದಳು. ಇಂಚರ ಆಗಲೇ ದಾಟಿ ಹೋದಳಲ್ಲ, ಇನ್ನೂ ಬಂದಿಲ್ಲವೇ ಎಂದು ಅವನೇ ಗಾಬರಿಯಾದ. ಆಮೇಲೆ ಪಂಕಜಾಗೆ ಮಾತೂ ನೆನಪಿಲ್ಲ, ಷರತ್ತೂ ನೆನಪಿಲ್ಲ. ಹೆಲ್ಮೆಟ್ ತಲೆಗೆ ತುರುಕಿಕೊಂಡು ಸ್ಕೂಟರ್ ಹತ್ತಿದಳು.

ದಾರಿಯುದ್ದಕ್ಕೂ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ ಚಿತ್ರ. ರಸ್ತೆ ಬದಿಯಲ್ಲಿ ಮಗಳು ಬಿದ್ದಿದ್ದಾಳೆ, ಸುತ್ತ ಗುರುತಿಲ್ಲದ ಜನ, ಯಾರೋ ಅವಳ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದಾರೆ. ಎದುರಿನಿಂದ ಓಟದವರು ಏದುಸಿರು ಬಿಡುತ್ತ ಬರುತ್ತಿದ್ದರು, ಕೈ ಬೀಸುತ್ತಿದ್ದರು. ಒಂದೊಂದು ಮುಖವನ್ನೂ ನೋಡಿದಳು. ಯಾವುದೂ ಇಂಚರ ಅಲ್ಲ. ಇವರಿಗೆಲ್ಲ ಸರಿದಾರಿ ಹೇಗೆ ಸಿಕ್ಕಿತು ಎಂದು ಕೇಳುವಷ್ಟು ಬುದ್ಧಿಯೂ ಆಗ ಉಳಿದಿರಲಿಲ್ಲ.

ಬೋರಣ್ಣನ ಮನೆ ಇನ್ನೂ ನಾಲ್ಕು ಬಾಗಿಲ ಆಚೆಗಿರುವಾಗಲೇ ಕಂಡಳು. ತಿರುವಿನಲ್ಲಿ, ಹಸಿ ನೆಲದ ಮೇಲಿನ ಹೊಸ ರಂಗೋಲಿಯನ್ನು ತುಳಿಯದಂತೆ ಪಕ್ಕಕ್ಕೆ, ಇಂಚರ ನಿಂತಿದ್ದಳು. ಮುಖ ಓಟದವರು ಬರುವ ಓಣಿಯ ಕಡೆಗಿತ್ತು, ಬೆನ್ನು ಅಮ್ಮನ ಕಡೆಗೆ. ತಾನು ಹಾಕಿದ ಬಾಣ ಇದ್ದ ಜಾಗ ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಓಡಿ ಬಂದವರಿಗೆಲ್ಲ ಕೈ ಚಾಚಿ ದಾರಿ ತೋರಿಸುತ್ತಿದ್ದಳು. ಬೋರಣ್ಣನ ಹೆಂಡತಿ ಮಂಗಮ್ಮ, ಪೊರಕೆ ಇನ್ನೂ ಕೈಯಲ್ಲೇ ಹಿಡಿದು, ಅವಳ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟಿದ್ದರು. ಹುಡುಗಿ ಕೂತಿರಲಿಲ್ಲ.

ಪಂಕಜಾಗೆ ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಮಾತ್ರೆ ನುಂಗಿದೆಯಾ ಎಂದು ಕೇಳಬೇಕಿತ್ತು. ಬಿಸಿಲೇರುತ್ತಿದೆ, ನಿಂತು ನಿಂತು ತಲೆ ಸುತ್ತಿದರೆ? ಅಷ್ಟರಲ್ಲಿ ಮಂಗಮ್ಮ ಇವಳನ್ನು ನೋಡಿ ಕರೆಯಲು ಬಾಯಿ ತೆರೆದರು. ಪಂಕಜಾ ತುಟಿಯ ಮೇಲೆ ಬೆರಳಿಟ್ಟಳು. ಮಂಗಮ್ಮ ಒಮ್ಮೆ ಸ್ಕೂಟರನ್ನು, ಒಮ್ಮೆ ಹುಡುಗಿಯನ್ನು ನೋಡಿ, ನಾನಿದ್ದೀನಿ ಹೋಗು ಎಂಬಂತೆ ಕೈಯಾಡಿಸಿದರು.

ಆ ಸ್ಕೂಟರಿನ ಸದ್ದು ಇಂಚರಳಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ, ಓಟದವರ ಗದ್ದಲದಲ್ಲಿ ಇನ್ನೂ ಕೇಳಿಸಿರಲಿಲ್ಲವಷ್ಟೇ. ಪಂಕಜಾ ಎಂಜಿನ್ ಆರಿಸಿ, ಗಾಡಿ ತಿರುಗಿಸಿ, ಮೂಲೆಯವರೆಗೂ ತಳ್ಳಿಕೊಂಡೇ ಹೋದಳು. ಅಳುತ್ತಲೇ ತಳ್ಳಿದಳು.

ಗೆರೆಯ ಪಕ್ಕ ಮತ್ತೆ ನಿಂತು ಕಾದದ್ದು ಮೊದಲ ಸಲಕ್ಕಿಂತ ಕಷ್ಟವಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಇಡ್ಲಿಯ ಕಡೆ ಹೋದರು. ಕಟ್ಟಕಡೆಗೆ ಇಂಚರ ಬಂದಳು, ಒಬ್ಬಳೇ, ಕೆಂಪಗೆ, ಓಡುತ್ತ. ಗೆರೆ ದಾಟಿ ಬಂದು ಅಮ್ಮನ ಎದುರು ನಿಂತು ಉಸಿರು ಎಳೆದುಕೊಂಡಳು.

"ಇಲ್ಲೇ ಇದ್ದೆ ತಾನೆ?"

"ಇಲ್ಲೇ ಇದ್ದೀನಲ್ಲ," ಎಂದಳು ಪಂಕಜಾ.

ಮಗಳು ಅಮ್ಮನ ತಲೆಯನ್ನೇ ನೋಡಿದಳು. ಪಂಕಜಾ ಕೈಯಿಟ್ಟು ಮುಟ್ಟಿ ನೋಡಿಕೊಂಡಳು. ಹೆಲ್ಮೆಟ್ ತೆಗೆದೇ ಇರಲಿಲ್ಲ.

"ಹತ್ರ ಬಂದ್ಯಾ?"

"ಇಲ್ಲ. ದೂರದಿಂದ ನೋಡಿ ವಾಪಸ್ ಬಂದೆ."

ಇಂಚರ ಕೈಯೆತ್ತಿ ಅಮ್ಮನ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿದಳು.

"ಹಾಗಾದ್ರೆ ಅದು ಲೆಕ್ಕಕ್ಕಿಲ್ಲ ಬಿಡು," ಎಂದಳು.