ಅಂಗೈಗೆ ಅಂಟಿದ ಹಿಟ್ಟು

ಶಿವಾನಿಯ ಕೈಗೆ ಒಂದು ಅಗುಳು ಅನ್ನ ಅಂಟಿದರೆ ಸಾಕು, ನಾಗಸಂದ್ರದ ಆ ವಠಾರಕ್ಕೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಒಂದೂವರೆ ವರ್ಷದ ಪುಟ್ಟಿ. ಓಡುತ್ತಾಳೆ, ಅಪ್ಪನ ಚಪ್ಪಲಿ ಬಚ್ಚಿಡುತ್ತಾಳೆ. ತಟ್ಟೆ ಕಂಡರೆ ಮಾತ್ರ ಎರಡೂ ಮುಷ್ಟಿ ಬೆನ್ನ ಹಿಂದೆ. ಅಮ್ಮನೋ ಅಜ್ಜಿಯೋ ತುತ್ತಿಡಬೇಕು.

ಇದು ಎಲ್ಲಿಂದ ಬಂತೆಂದು ಅಮ್ಮ ಮಹಾದೇವಿಗೆ ಚೆನ್ನಾಗಿ ಗೊತ್ತಿತ್ತು. ಮನೆಮನೆಗೆ ಕಲರ್ ಟಿ.ವಿ. ಬರುತ್ತಿದ್ದ ಕಾಲ. ಪೀಣ್ಯದ ಕಾರ್ಖಾನೆಯಲ್ಲಿ ಟಿ.ವಿ. ಬೋರ್ಡಿಗೆ ಬಿಡಿಭಾಗ ಕೂರಿಸುವ ಕೆಲಸ ಅವಳದು. ಬೆರಳಲ್ಲಿ ಚೂರು ಜಿಡ್ಡಿದ್ದರೂ ಸೂಪರ್‌ವೈಸರ್ ಬೈಯುತ್ತಿದ್ದ. ಆ ಶುಚಿ ಮನೆಯೊಳಗೂ ನುಗ್ಗಿತ್ತು. ಮಗು ಬಾಳೆಹಣ್ಣು ಹಿಸುಕುವ ಮೊದಲೇ ಒರೆಸುವ ಸೆರಗು ಸಿದ್ಧ!

ಇಷ್ಟು ದಿನ ಮಗುವನ್ನು ನೋಡಿಕೊಂಡಿದ್ದ ಅತ್ತೆ, ಮಗಳ ಬಾಣಂತನಕ್ಕೆಂದು ಗದಗಕ್ಕೆ ಹೋದರು. ಮಹಾದೇವಿಗೆ ಸಿಕ್ಕಿದ್ದು ಒಂದು ವಾರದ ರಜೆ. ಇನ್ನುಳಿದ ದಾರಿ ಮನೆಯೊಡತಿ ವಸಂತಮ್ಮ. ರಾಗಿ ಹೊಲದಲ್ಲಿ ಬಾಡಿಗೆ ಮನೆ ಕಟ್ಟಿಸಿ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ತನ್ನ ಹಜಾರದಲ್ಲಿ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ.

"ಕೈಯಲ್ಲಿ ತಿನ್ನೋ ಮಗು ಆದ್ರೆ ಕಳ್ಸು ಕಣವ್ವ. ಅಷ್ಟೊಂದ್ ಬಾಯಿಗೆ ನಾನೊಬ್ಳೇ ಎಂಗೆ ತುತ್ತಿಡ್ಲಿ? ಭಾನ್ವಾರ ಊಟಕ್ ಕರ್ಕೊಂಡ್ ಬಾ, ನೋಡಾನ," ಎಂದರು.

ಮಗು ತಿನ್ನದಿದ್ದರೆ ಕೆಲಸ ಹೋದಂತೆಯೇ. ಮಗಳ ಕೈಯ ಅಂಜಿಕೆ ಬಿಡಿಸಲು ಮಹಾದೇವಿ ಸೆರಗು ಸಿಕ್ಕಿಸಿಕೊಂಡು ಆಟಕ್ಕೆ ಇಳಿದಳು.

ಮೊದಲು ಬೋಗುಣಿ ತುಂಬ ಜೋಳ ಸುರಿದು ಅದರೊಳಗೆ ಬಳೆ ಬಚ್ಚಿಟ್ಟಳು. ಶಿವಾನಿ ಬಹಳ ಹೊತ್ತು ನೋಡಿ ಒಂದು ಬೆರಳು ತೂರಿಸಿದಳು. ಆಮೇಲೆ ಮೊಣಕೈವರೆಗೆ! ಒಣ ಜೋಳ ಅಂಟುವುದಿಲ್ಲವಲ್ಲ. ಬಳೆ ಸಿಕ್ಕಾಗ ಕೇಕೆ ಹಾಕಿದ್ದು ಮಗಳೋ ಅಮ್ಮನೋ, ಹೇಳುವುದು ಕಷ್ಟ. ಮರುದಿನ ಒಂದು ಪಾತ್ರೆ ನೀರು, ಜೊತೆಗೆ ಲೋಟಗಳು. ಸುರಿದದ್ದೇ ಸುರಿದದ್ದು. ಒರೆಸುವ ಬಟ್ಟೆಯತ್ತ ಹೊರಟ ತನ್ನ ಕೈಯನ್ನು ಮಹಾದೇವಿ ತಾನೇ ಗದರಿ ಹಿಂದಕ್ಕೆ ತಂದಳು. ಶಿಫ್ಟ್ ಮುಗಿಸಿ ಬಂದ ಗಂಡ ಮಲ್ಲಿಕ್ ಹೊಸ್ತಿಲಲ್ಲೇ ಜಾರಿದ.

"ಏನಿದು ಮಾದೇವಿ, ಮನ್ಯಾಗ ಕೆರಿ ಕಟ್ಟೀಯೇನು?"

"ಸುಮ್ನಿರ್ರಿ, ಆಕೀ ಪಾಠ ನಡದೈತಿ!"

ಆದರೆ ಅಂಟುವ ವಸ್ತು ಬಂದಾಗ ಪಾಠ ನಿಂತಿತು. ಕಲಸಿದ ಗೋಧಿ ಹಿಟ್ಟಿನ ಉಂಡೆ ಕೊಟ್ಟರೆ ಕಿರುಚಿ ಗೋಡೆಗೆಸೆದಳು. ಶನಿವಾರ ಮಹಾದೇವಿ ಕೈಚೆಲ್ಲಿ ಜೋಳದ ರೊಟ್ಟಿ ಬಡಿಯಲು ಕೂತಳು. ಪಟ್ ಪಟ್ ಪಟ್.

ಪಕ್ಕದಲ್ಲಿ ಏನೋ ಅಲುಗಿತು. ಶಿವಾನಿ! ಆ ಸದ್ದಿಗೆ ಸರಿಯಾಗಿ ಗಾಳಿಯನ್ನು ಬಡಿಯುತ್ತಿದ್ದಾಳೆ. ಮಹಾದೇವಿ ಕೊಂಚ ಸರಿದು ಜಾಗ ಬಿಟ್ಟಳು. ಪುಟ್ಟ ಕೈ ಇಳಿಯಿತು. ಪಟ್! ಹಿಟ್ಟು ಅಂಟಿತು. ಮಗು ಅಂಗೈ ನೋಡಿಕೊಂಡಿತು, ತುಟಿ ನಡುಗಿತು. 'ಒರೆಸಬೇಡ, ಒರೆಸಬೇಡ' ಎಂದು ತಾಯಿ ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಪಟ್! ಜೊತೆಗೆ ನಗು. ಆ ಸೊಟ್ಟ ರೊಟ್ಟಿಯನ್ನು ಮಲ್ಲಿಕ್ ಹಬ್ಬದೂಟದಂತೆ ತಿಂದ.

ಭಾನುವಾರ ವಸಂತಮ್ಮ ತಟ್ಟೆ ಇಟ್ಟರು. ನೋಡಿದರೆ ರಾಗಿ ಮುದ್ದೆ, ಸೊಪ್ಪಿನ ಸಾರು! ಮಹಾದೇವಿಯ ಮನೆಯಲ್ಲಿ ಮುದ್ದೆ ಮಾಡಿದ್ದೇ ಇಲ್ಲ, ಅಂಟುವುದರಲ್ಲಿ ಅದಕ್ಕಿಂತ ಮೇಲಿನದು ಬೇರೆ ಇಲ್ಲ. ಶಿವಾನಿಯ ಮುಷ್ಟಿಗಳು ಬೆನ್ನ ಹಿಂದೆ ಹೋದವು. ವಸಂತಮ್ಮ ಹುಬ್ಬೇರಿಸಿದರು.

ಮಗು ಮುದ್ದೆಯನ್ನೇ ದಿಟ್ಟಿಸಿತು. ಗುಂಡಗಿದೆ, ಅಮ್ಮನ ಮಣೆಯ ಮೇಲಿನ ಹಿಟ್ಟಿನ ಹಾಗೇ. ಎರಡೂ ಕೈ ಒಟ್ಟಿಗೆ ಹೊರಬಂದವು. ಪಟ್! ಸಾರು ವಸಂತಮ್ಮನ ಸೀರೆಗೆ ಹಾರಿತು. ಪಟ್ ಪಟ್! ಮುದ್ದೆ ರೊಟ್ಟಿಯಾಯಿತು.

"ಅಯ್ಯೋ ನನ್ ಕಂದಾ! ಮುದ್ದೆ ನುಂಗೋರ್ನ ನೋಡಿವ್ನಿ, ಬಡಿಯೋಳ್ನ ಇವತ್ತೇ ನೋಡಿದ್ದು!"

ನಾಚಿಕೆಯಿಂದ ಮಹಾದೇವಿ ಸೆರಗು ಎಳೆದು ಮಗಳ ಕೈ ಹಿಡಿದಳು. ಶಿವಾನಿ ಕೊಸರಿ ಕೈ ಬಿಡಿಸಿಕೊಂಡಳು. ಐದೂ ಬೆರಳು ಬಾಯೊಳಗೆ!

"ಒರಸ್ಬೇಡ ಸುಮ್ಕಿರವ್ವ, ತಿನ್ಲಿ," ಎಂದರು ವಸಂತಮ್ಮ, ಸೀರೆ ಕೊಡವುತ್ತ. "ನಾಳೆಯಿಂದ ತಂದ್ ಬಿಡು."

ಮತ್ತೊಂದು ಪಟ್! ಈ ಸಲ ಸಾರು ಹಾರಿದ್ದು ಮಹಾದೇವಿಯ ಕೆನ್ನೆಗೆ. ಸಂತೋಷಕ್ಕೆ ಕಣ್ಣು ತುಂಬಿ ಬಂದಿತ್ತು. ಅವಳು ಎರಡನ್ನೂ ಒರೆಸಿಕೊಳ್ಳಲಿಲ್ಲ.