ಬೈದ ಮನೆಯ ಉಡಿ

ಮನೆ ಕೊಳ್ಳಲು ಹೋದವರು ಮೊದಲು ಆ ಮನೆಯನ್ನು ಚೆನ್ನಾಗಿ ಬೈಯಬೇಕು. ಇದು ನಾನೂ ನನ್ನ ಗಂಡ ಕೊಟ್ಟೂರೇಶನೂ ಸೇರಿ ಹಾಕಿಕೊಂಡಿದ್ದ ಪ್ಲಾನು. ದಾವಣಗೆರೆ ಪಕ್ಕದ ಶಾಮನೂರಿನ ಆ ಮನೆಯನ್ನು ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ಅದೆಷ್ಟು ಸಲ ನೋಡಿದ್ದೆವೋ. ಬ್ಯಾಂಕಿನವರು ಕೊಡುತ್ತೇವೆ ಅಂದ ಸಾಲಕ್ಕೆ ನಾವು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದನ್ನು ಸೇರಿಸಿದರೂ, ಮನೆ ಮಾಲೀಕರು ಹೇಳಿದ ರೇಟಿಗೆ ಐದರಲ್ಲಿ ಒಂದು ಪಾಲು ಕಡಿಮೆ ಬೀಳುತ್ತಿತ್ತು. ಆ ಒಂದು ಪಾಲನ್ನು ಬಾಯಿಂದಲೇ ಇಳಿಸಬೇಕಿತ್ತು. ಬಾಯಿಯ ವಿಷಯಕ್ಕೆ ಬಂದರೆ ಈ ವಾಣಿಗೆ ಯಾರ ಸಹಾಯವೂ ಬೇಕಿಲ್ಲ.

ನಾವಿದ್ದದ್ದು ಹರಿಹರದಲ್ಲಿ, ಬಾಡಿಗೆ ಮಹಡಿಯ ಮೇಲೆ, ಅತ್ತೆ ಪುಟ್ಟಕ್ಕನ ಜೊತೆ. ಕೆಲಸ ಇಬ್ಬರಿಗೂ ದಾವಣಗೆರೆಯಲ್ಲಿ. ಕೊಟ್ಟೂರೇಶ ಫ್ರಿಜ್ಜು, ಎ.ಸಿ. ರಿಪೇರಿ ಮಾಡುತ್ತಾನೆ. ನಾನು ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ. ದಿನಾ ಲಾರಿಗಳ ನಡುವೆ ನುಸುಳಿ ಹೋಗಿಬಂದು ನಮಗೆ ಸಾಕುಸಾಕಾಗಿತ್ತು. ಆವರಗೆರೆ ಕಡೆ ನಿಮ್ಮ ಕೈಗೆಟುಕುವ ಮನೆ ಸಿಗುತ್ತವಲ್ಲ ಅಂತ ಕಂಡಕಂಡವರೆಲ್ಲ ಬುದ್ಧಿ ಹೇಳಿದರು. ಸಿಗಲಿ, ಸಂತೋಷ. ನನಗೆ ಬೇಕಾಗಿದ್ದದ್ದು ಇದೇ ಮನೆ. ಪೂರ್ವಕ್ಕೆ ದೊಡ್ಡ ಕಿಟಕಿ, ಮುಂದೆ ಕೂತು ಹರಟಲು ಕಟ್ಟೆ, ಮಂಡಿ ನೋವಿನ ಅತ್ತೆ ಹತ್ತಬೇಕಾದ ಮೆಟ್ಟಿಲು ಒಂದೂ ಇಲ್ಲ. ಆಸೆ ಪಡುವುದಕ್ಕೂ ಸಂಬಳದ ಚೀಟಿ ತೋರಿಸಬೇಕೇನು?

ಮನೆ ನೋಡಲು ಹೊರಟ ದಿನ ಅತ್ತೆ ಎರಡು ಮಾತು ಹೇಳಿದರು. ಒಂದು, "ಸೀರೆ ಉಟ್ಕೊಂಡು ಹೋಗು." ಇನ್ನೊಂದು, "ರೇಟು ಮುಗಿಯೋ ತನಕ ಅವರ ಮನ್ಯಾಗ ನೀರೂ ಮುಟ್ಟಬ್ಯಾಡ. ಆಮೇಲೆ ಚೌಕಾಸಿ ಮಾಡಕ್ಕೆ ನಾಲಿಗಿ ಏಳಂಗಿಲ್ಲ."

ಸೀರೆ ಉಟ್ಟರೆ ಆಗಲೇ ಗೃಹಪ್ರವೇಶಕ್ಕೆ ಬಂದವಳ ಹಾಗೆ ಕಾಣುತ್ತೇನೆ ಅಂತ ಲ್ಯಾಬಿಗೆ ಹಾಕುವ ಚೂಡಿದಾರದಲ್ಲೇ ಹೋದೆ. ಎರಡನೆಯ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ.

ಬಾಗಿಲಲ್ಲಿ ವಾಮದೇವಪ್ಪನವರು "ಬರ್ರಿ, ಕೂಡ್ರಿ" ಅಂದರು, ನಮ್ಮಿಬ್ಬರ ಕೆಲಸ ಎಲ್ಲಿ ಅಂತ ವಿಚಾರಿಸಿದರು. ಹರಿಹರದಲ್ಲಿ ಅಕ್ಕಿ ಅಂಗಡಿ ಇಟ್ಟವರು. ಓಡಾಟ ಸಾಕಾಗಿ ಅಂಗಡಿಯ ಮೇಲೆಯೇ ಮನೆ ಕಟ್ಟಿಸಿಕೊಂಡಿದ್ದರು, ಅದಕ್ಕೇ ಇದರ ಮಾರಾಟ. ಅವರ ಹೆಂಡತಿ ಕಸ್ತೂರಮ್ಮ ನೀರು ತಂದರು. ನಾನು ಬಾಯಾರಿಕೆ ಇಲ್ಲ ಅಂದೆ. ಗಂಟಲು ಒಣಗಿತ್ತು.

ಆಮೇಲೆ ನನ್ನ ಬಾಯಿ ಶುರುವಾಯಿತು. ಹಾಲ್ ಇಷ್ಟೇನಾ ಅಂದೆ. ಗ್ರಾನೈಟ್ ಇಲ್ಲವಲ್ಲ, ಈಗ ಯಾರು ಮೊಸಾಯಿಕ್ ಇಟ್ಟುಕೊಳ್ಳುತ್ತಾರೆ ಅಂದೆ. ಅಡಿಗೆಮನೆಯ ನಲ್ಲಿ ಸೋರುತ್ತಿತ್ತು, ಅದನ್ನೂ ಬಿಡಲಿಲ್ಲ. ಇಷ್ಟು ದೊಡ್ಡ ಕಿಟಕಿಯಿಂದ ಧೂಳು ಬರದೆ ಇನ್ನೇನು ಬರುತ್ತದೆ ಅಂದೆ. ಕೊಟ್ಟೂರೇಶ ಪಕ್ಕದಲ್ಲಿ ತಲೆ ಅಲ್ಲಾಡಿಸುತ್ತ ನಿಟ್ಟುಸಿರು ಬಿಡುತ್ತಿದ್ದ, ಅವನ ಪಾಲಿನ ಕೆಲಸ ಅಷ್ಟೇ. ವಾಮದೇವಪ್ಪನವರು ಪ್ರತಿಯೊಂದಕ್ಕೂ "ಹೌದಾ, ಹೌದಾ" ಅನ್ನುತ್ತಿದ್ದರು. ಕಸ್ತೂರಮ್ಮ ಒಳಗೆ ಹೋದರು.

ನನ್ನ ಮಾತು ಮುಗಿಯುವ ಮೊದಲೇ ಆಕೆ ನನ್ನನ್ನು ಒಳಗೆ ಕರೆದರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಒಂದು ಹಸಿರು ಕುಪ್ಪಸದ ಖಣ ರೆಡಿ ಇದ್ದವು.

"ಮೊದಲ ಸಲ ಮನೀಗೆ ಬಂದೀಯವ್ವ. ಬರೇ ಉಡೀಲೆ ಕಳಿಸಂಗಿಲ್ಲ."

"ಸೀರೆ ಉಟ್ಟಿಲ್ಲಲ್ರಿ ಅಮ್ಮ," ಅಂದೆ.

"ವೇಲ್ ಐತಲ್ಲ, ಒಡ್ಡು."

ನೀರು ಮುಟ್ಟಬೇಡ ಅಂದಿದ್ದರು ಅತ್ತೆ. ಉಡಿಯ ಬಗ್ಗೆ ಏನೂ ಹೇಳಿರಲಿಲ್ಲ. ಉಡಿ ಬೇಡ ಅನ್ನುವ ಧೈರ್ಯ ನಮ್ಮ ಕಡೆಯ ಯಾವ ಹೆಣ್ಣಿಗೂ ಇಲ್ಲ. ವೇಲಿನ ಎರಡು ತುದಿ ಹಿಡಿದು ಒಡ್ಡಿದೆ. ಆಕೆ ಕುಂಕುಮ ಇಟ್ಟು, ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದರು. ಉಡಿ ತುಂಬಿದ ಮನೆ ತವರಿನ ಸಮ. ಆ ಅಕ್ಕಿಯನ್ನು ಹೊಟ್ಟೆಗೆ ಅವುಚಿಕೊಂಡು ನಿಂತು ಆ ಮನೆಯನ್ನೇ ಜರಿಯುವುದು ಹೇಗೆ? ನನಗೆ ನಾಚಿಕೆಯಾಯಿತು. ಅಳುವೂ ಬಂತು, ಸಿಟ್ಟೂ ಬಂತು.

ಹಾಲಿಗೆ ಬಂದರೆ ಕೊಟ್ಟೂರೇಶ ಕಣ್ಣಲ್ಲೇ ಸನ್ನೆ ಮಾಡಿದ. ಮನೆ ಮುಂದಿನ ಚರಂಡಿಯ ವಿಷಯ ಬಾಕಿ ಇತ್ತು.

"ಇಷ್ಟೊತ್ತು ನಾನು ಹೇಳಿದ್ದೆಲ್ಲ ಸುಳ್ಳುರಿ," ಅಂದೆ. "ರೇಟು ಇಳಿಸಕ್ಕೆ ಅಂದೆ. ಈ ಮನೆ ನನಗೆ ಭಾಳ ಇಷ್ಟ ಆಗೈತೆ. ಕೂಡಿಟ್ಟಿದ್ದಕ್ಕೆ ಬ್ಯಾಂಕ್ ಸಾಲ ಸೇರಿಸಿದ್ರೂ ನಮ್ಮ ಹತ್ರ ಅಷ್ಟು ರೊಕ್ಕ ಆಗಂಗಿಲ್ಲ."

ಕೊಟ್ಟೂರೇಶನ ಮುಖ ಕರೆಂಟ್ ಹೋದ ಫ್ರಿಜ್ಜಿನ ಹಾಗಾಯಿತು. ವಾಮದೇವಪ್ಪನವರು ನಕ್ಕರು.

"ಗೊತ್ತಾತು ಬಿಡಮ್ಮ. ಧೂಳು ಬರ್ತೈತೆ ಅಂತ ಬೈಕೊಂತ ಕಿಟಕೀನ ಗೇಣು ಹಾಕಿ ಅಳೀತಿದ್ದಿ. ಪರದೆ ಹೊಲಿಸಕ್ಕೆ ತಾನೆ? ಆದ್ರ ರೇಟು ಅಷ್ಟೇ. ಇನ್ನೂ ಇಬ್ಬರು ಬಂದು ನೋಡ್ಕೊಂಡು ಹೋಗ್ಯಾರ."

ಅಲ್ಲಿಗೆ ಮುಗಿಯಿತು. ಬೈಕಿನ ಮೇಲೆ ಹರಿಹರ ಮುಟ್ಟಿದೆವು. ಮಹಡಿ ಮೆಟ್ಟಿಲ ಹತ್ತಿರ ಕೊಟ್ಟೂರೇಶ, "ಚರಂಡಿ ಒಂದು ಹೇಳಿ ಆಮೇಲೆ ಸತ್ಯ ಹೇಳಬಹುದಿತ್ತು," ಅಂದ. ಅತ್ತೆ ನನ್ನ ವೇಲಿನ ಗಂಟು ನೋಡಿದರು. ಆ ಅಕ್ಕಿಯ ಅನ್ನ ಮಾಡಿ ಮೂವರೂ ಉಂಡೆವು. ಒಳ್ಳೆಯ ಅಕ್ಕಿ. ಅನ್ನ ಹೂವಿನ ಹಾಗೆ ಅರಳಿತ್ತು, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಮುಂದಿನ ವಾರ ಬೆಳಿಗ್ಗೆ ಲ್ಯಾಬಿನಲ್ಲಿ ತಲೆ ಎತ್ತಿದರೆ ಎದುರಿಗೆ ಕಸ್ತೂರಮ್ಮ.

"ಶುಗರ್ ನೋಡಬೇಕಂತೆ," ಅಂದು ಕೈ ಚಾಚಿದರು. ನಾನು ರಬ್ಬರ್ ಪಟ್ಟಿ ಕಟ್ಟಿ, "ಮುಷ್ಟಿ ಹಿಡೀರಿ" ಅಂದೆ.

ಮುಷ್ಟಿ ಹಿಡಿದುಕೊಂಡೇ ಅವರು ಹೇಳಿದರು. "ಆ ಇಬ್ಬರೂ ಪೂರ್ತಿ ರೊಕ್ಕ ಕೊಡ್ತಾರ. ಒಬ್ಬ ಕೆಡವಿ ಮೂರಂತಸ್ತು ಎಬ್ಬಿಸ್ತಾನಂತೆ, ಇನ್ನೊಬ್ಬ ಗೋಡಾನ್ ಮಾಡ್ತಾನಂತೆ. ಆ ಕಿಟಕಿ ನಾನು ಮೇಸ್ತ್ರಿ ಜತೆ ಜಗಳ ಆಡಿ ಇಡಿಸಿದ್ದು. ನೀವು ಕೂಡಿಟ್ಟಿದ್ದು ಐತಲ್ಲ, ಅದನ್ನ ಭೋಗ್ಯಕ್ಕೆ ಕೊಡ್ರಿ. ಬಾಡಿಗೆ ಇಲ್ಲ, ಬಡ್ಡಿ ಇಲ್ಲ, ಬಂದು ಇರ್ರಿ. ಮೂರು ವರ್ಷದಾಗ ಕಡಿಮೆ ಬಿದ್ದಿದ್ದು ಕೂಡಿಸಿದ್ರ, ಇವತ್ತಿನ ರೇಟಿಗೇ ಮನೆ ನಿಮ್ಮದು. ಆಗಲಿಲ್ಲಂದ್ರ ನಿಮ್ಮ ಭೋಗ್ಯದ ರೊಕ್ಕ ವಾಪಸ್ ತಗೊಂಡು ಬಿಡಬೇಕು. ಆವಾಗ ನನ್ನ ಮುಂದೆ ಅಳಬ್ಯಾಡ."

"ಯಜಮಾನ್ರು ಒಪ್ಪಿದ್ರಾ?"

"ಖಾತೆ ನನ್ನ ಹೆಸರಿಗೆ ಐತೆ. ಬಂದೋರೆಲ್ಲ ಹೋಗಿ ಹೋಗಿ ಅವರ ಜತೆ ಚೌಕಾಸಿ ಮಾಡ್ತೀರಲ್ಲ, ನನಗೆ ನಗು ಬರ್ತೈತೆ." ಸ್ವಲ್ಪ ತಡೆದು ಕೇಳಿದರು, "ಕೂಡಿಸ್ತೀಯಾ?"

ಬಾಡಿಗೆ ಉಳಿಯುತ್ತದೆ. ದಿನದ ಪೆಟ್ರೋಲು ಉಳಿಯುತ್ತದೆ. ಸಂಜೆ ಶಾಮನೂರಿನಲ್ಲೇ ಮನೆಮನೆಗೆ ಹೋಗಿ ಸ್ಯಾಂಪಲ್ ತೆಗೆಯಬಹುದು. ಲೆಕ್ಕ ಮನಸ್ಸಿನಲ್ಲಿ ಓಡುತ್ತಿತ್ತು, ಕೈ ನರ ಹುಡುಕುತ್ತಿತ್ತು.

"ಕೂಡಿಸ್ತೀನಿ," ಅಂದು ಸೂಜಿ ಚುಚ್ಚಿದೆ. ಆಕೆ ಕಣ್ಣು ಮಿಟುಕಿಸಲಿಲ್ಲ.

ಕೊಟ್ಟೂರೇಶ ಕೇಳಿದ ಮೊದಲ ಪ್ರಶ್ನೆ, "ಆಗದಿದ್ದರೆ?" ಆಗುತ್ತದೆ ಅಂದೆ. ಅವನಿಗೂ ಅದೇ ಬೇಕಿತ್ತು, ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು ಅಷ್ಟೇ.

ಸಾಮಾನು ತಂದು ಹಾಲು ಉಕ್ಕಿಸಿದ ದಿನ ವಾಮದೇವಪ್ಪನವರೂ ಕಸ್ತೂರಮ್ಮನೂ ಬಂದರು. ಅತ್ತೆ ಆಗಲೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪಕ್ಕದ ಮನೆಯವರ ಪೂರ್ವಾಪರ ವಿಚಾರಿಸುತ್ತಿದ್ದರು. ಕಸ್ತೂರಮ್ಮ ಬೀಗದ ಕೈ ಕೊಟ್ಟು, ನಲ್ಲಿ ರಿಪೇರಿ ಮಾಡಿಸಿದ್ದನ್ನು ತಿರುಗಿಸಿ ತೋರಿಸಿದರು. "ಅದೊಂದು ನೀನು ಖರೇ ಹೇಳಿದ್ದಿ," ಅಂದರು. ಪೂರ್ವದ ಕಿಟಕಿಯ ಹೊಸ ಪರದೆಯನ್ನು ಸರಿಸಿ ಒಮ್ಮೆ ಹೊರಗೆ ನೋಡಿದರು. ವಾಮದೇವಪ್ಪನವರು ಸ್ಕೂಟರ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆದರು.

ಕಸ್ತೂರಮ್ಮ ಹೊಸ್ತಿಲ ಹತ್ತಿರ ಬಂದಾಗ ನಾನು ಅಡ್ಡ ನಿಂತೆ. ಅವತ್ತು ನಾನು ಸೀರೆ ಉಟ್ಟಿದ್ದೆ. ಮೊರದಲ್ಲಿ ಅಕ್ಕಿ, ಕಾಯಿ, ಖಣ ಎಲ್ಲ ಬೆಳಿಗ್ಗೆಯೇ ಜೋಡಿಸಿಟ್ಟಿದ್ದೆ.

ಆಕೆ ಮೊರವನ್ನು ನೋಡಿದರು, ನನ್ನನ್ನು ನೋಡಿದರು. ಇಷ್ಟು ವರ್ಷ ಈ ಬಾಗಿಲಲ್ಲಿ ಬಂದವರಿಗೆಲ್ಲ ಉಡಿ ತುಂಬಿದ ಹೆಂಗಸು. ಖಾತೆ ಇನ್ನೂ ಅವರ ಹೆಸರಿನಲ್ಲೇ ಇತ್ತು.

"ಮೊದಲ ಸಲ ನಮ್ಮ ಮನೀಗೆ ಬಂದೀರಿ," ಅಂದೆ. "ಬರೇ ಉಡೀಲೆ ಹೆಂಗೆ ಕಳಿಸಲಿ?"

ಕಸ್ತೂರಮ್ಮ ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ಆಮೇಲೆ ಸೆರಗು ಒಡ್ಡಿದರು.